ನಿಡಗುಂದಿ: ಕಾಗದ ಬಂತು, ತೀರ್ಮಾನ ಬರಬೇಕು

ವಿಜಯಪುರ ಜಿಲ್ಲೆಯ ನಿಡಗುಂದಿ ಸೀಮೆಯ ರೈತನಿಗೆ ಸರ್ಕಾರವೆಂದರೆ ಮೊದಲು ಉತಾರ, ಅಂದರೆ ಜಮೀನಿನ ಪಹಣಿ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಜಮೀನಿನ ಲೆಕ್ಕವೆಲ್ಲ ವತನದಾರ ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ದಫ್ತರ ಹತ್ತಿರವಿದ್ದರೂ ಹುದ್ದೆ ವಂಶಪಾರಂಪರ್ಯವಾದ್ದರಿಂದ ಅದನ್ನು ಪ್ರಶ್ನಿಸುವ ಬಲ ಬಡವನಿಗಿರಲಿಲ್ಲ. ಮುಂಬೈ ಸರ್ಕಾರದ 1950ರ ಕಾಯ್ದೆ ಕುಲಕರ್ಣಿ ವತನವನ್ನು ತೆಗೆದುಹಾಕಿತು. ಲೆಕ್ಕ ಸಂಬಳದ ತಲಾಟಿಯ ಕೈಗೆ ಹೋಯಿತು. ಐದು ದಶಕಗಳ ನಂತರ ಬಂದ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಕೈಬರಹದ ಉತಾರ ನಿಲ್ಲಿಸಿ, 15 ರೂಪಾಯಿಗೆ ಕಂಪ್ಯೂಟರ್ ಪ್ರತಿ ಕೊಟ್ಟಿತು. ಆದರೆ ಅದರ ಕೌಂಟರ್ ಮೊದಲು ತೆರೆದದ್ದು ತಾಲ್ಲೂಕು ಕಚೇರಿಯಲ್ಲಿ, ಅಂದರೆ ನಿಡಗುಂದಿಯವರ ಪಾಲಿಗೆ ಬಸವನ ಬಾಗೇವಾಡಿಯಲ್ಲಿ. ನಾಡಕಚೇರಿಗಳು ಬಂದ ಮೇಲೆ ಕಾಗದ ಮತ್ತೆ ಹತ್ತಿರವಾಯಿತು. ತೀರ್ಮಾನ ಮಾಡುವ ಅಧಿಕಾರ ಮಾತ್ರ ತಹಶೀಲ್ದಾರರ ಮೇಜಿನ ಮೇಲೆಯೇ ಉಳಿಯಿತು.

ಹೊಸ ತಾಲ್ಲೂಕಿನ ಬೇಡಿಕೆಯ ಬೇರು ಇಲ್ಲಿದೆ. 1970ರ ದಶಕದ ವಾಸುದೇವರಾವ್ ಸಮಿತಿಯ ನಂತರ ಹುಂಡೇಕಾರ್, ಗದ್ದಿಗೌಡರ್, ಎಂ.ಪಿ. ಪ್ರಕಾಶ್ ಸಮಿತಿಗಳು ತಾಲ್ಲೂಕು ಮರುವಿಂಗಡಣೆಯನ್ನು ಪರಿಶೀಲಿಸಿದವು. 2013ರ ಬಜೆಟ್‌ನಲ್ಲಿ 43, 2017ರ ಬಜೆಟ್‌ನಲ್ಲಿ 49 ತಾಲ್ಲೂಕುಗಳ ಘೋಷಣೆಯಾಗಿ, 2018ರಲ್ಲಿ ನಿಡಗುಂದಿ ತಾಲ್ಲೂಕು ಕೇಂದ್ರವಾಯಿತು. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಮತ್ತೊಂದು ಕಚೇರಿಯ ಖರ್ಚೇಕೆ ಎನ್ನುವವರಿದ್ದಾರೆ. ಉತಾರದ ಪ್ರತಿಯ ಮಟ್ಟಿಗೆ ಆ ಮಾತು ಸರಿ. ಆದರೆ ತಂದೆ ತೀರಿಕೊಂಡ ಮೇಲೆ ವಾರಸಾ ಅರ್ಜಿ ಹಾಕಿದವನ ಸ್ಥಿತಿ ನೋಡಿ. ಮರಣ ಪ್ರಮಾಣಪತ್ರ, ವಂಶಾವಳಿ ಕೊಟ್ಟು ನೋಟಿಸಿನ ಅವಧಿ ಕಾಯಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬ ತಕರಾರು ಹಾಕಿದರೆ ವಿಚಾರಣೆ. ಪಾಲಾದರೆ ಪೋಡಿ, ಅಂದರೆ ಜಮೀನನ್ನು ಅಳೆದು ಬೇರ್ಪಡಿಸುವುದು; ಅದಕ್ಕೆ ಸರ್ವೆಯವರು ಹೊಲಕ್ಕೇ ಬರಬೇಕು. ಇವ್ಯಾವುವೂ ಮೊಬೈಲಿನಲ್ಲಿ ಮುಗಿಯುವುದಿಲ್ಲ. ಒಂದೊಂದು ತಾರೀಖಿಗೂ ಹೋಗುವುದು ಬಡವನ ಒಂದು ದಿನದ ಕೂಲಿ.

ನಿಡಗುಂದಿಗೆ ಈ ಪ್ರಶ್ನೆ ಇನ್ನೂ ಹೆಚ್ಚು ತಟ್ಟುತ್ತದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಈಗ ಈ ತಾಲ್ಲೂಕಿನಲ್ಲಿದೆ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಅದು ಜಾರಿಯಾದರೆ ಇನ್ನಷ್ಟು ಜಮೀನು ಮುಳುಗುತ್ತದೆ. ಸತ್ತ ಅಜ್ಜನ ಹೆಸರಿನಲ್ಲೇ ಉಳಿದ ಉತಾರ ಹಿಡಿದ ಮೊಮ್ಮಗನಿಗೆ ಪರಿಹಾರ ಸುಲಭವಾಗಿ ಕೈಸೇರದು. ಹೀಗಿರುವಾಗ ತಾಲ್ಲೂಕು ಎಂಬ ಬೋರ್ಡು ಸಾಲದು. ಮಂಜೂರಾದ ಹುದ್ದೆಗಳನ್ನು ತುಂಬಿ, ಸರ್ವೆಯವರನ್ನು ಕೊಟ್ಟು, ವಾರಸಾ ತಕರಾರುಗಳನ್ನು ನಿಡಗುಂದಿಯಲ್ಲೇ ಕಾಲಮಿತಿಯೊಳಗೆ ಮುಗಿಸುವ ಹೊಣೆಯನ್ನು ಸರ್ಕಾರ ಹೊರಬೇಕು.