ಕಾಫಿಯ ಮಲೆಯ ಹಾದಿಗಳೂ ಸ್ವಯಂಚಾಲಿತ ವಾಹನವೂ

ಸಾರಥಿಯ ಕೈಯನ್ನು ಬಿಟ್ಟು ವಾಹನವು ತಾನೇ ನಡೆಯುವುದೆಂಬ ಕಲ್ಪನೆಯು ನಮ್ಮ ನಾಡಿಗೆ ತೋರುವಷ್ಟು ಹೊಸತಲ್ಲ. ಎತ್ತಿನ ಗಾಡಿಗಳ ಕಾಲದಲ್ಲಿ ಸರಕಿನ ಗಾಡಿಗಳು ರಾತ್ರಿ ಸಾಲುಗಟ್ಟಿ ಸಾಗುತ್ತಿದ್ದವು. ಮುಂದಿನ ಗಾಡಿಯವನೊಬ್ಬನು ಎಚ್ಚರವಾಗಿದ್ದರೆ ಹಿಂದಿನವರು ತೂಕಡಿಸಬಹುದಾಗಿತ್ತು. ದಾರಿಯನ್ನು ಎತ್ತುಗಳು ಬಲ್ಲವು. ಕೊರಳ ಗಂಟೆಯೂ ಅಚ್ಚಿನ ಕೆಳಗೆ ತೂಗುವ ಲಾಂದ್ರವೂ ಎದುರು ಬರುವವರಿಗೆ ಸೂಚನೆಯಾಗಿದ್ದವು. ಲಾರಿಗಳ ಸಾಲನ್ನು ರೇಡಿಯೋ ಸಂಕೇತದಿಂದ ಬಂಧಿಸಿ ನಡೆಸುವ ಇಂದಿನ ಪ್ರಯೋಗಗಳು ಇದೇ ಏರ್ಪಾಟಿನ ರೂಪಾಂತರವೆಂದರೆ ತಪ್ಪಾಗಲಾರದು.

ಮೈಸೂರು ಸಂಸ್ಥಾನದ ಆಡಳಿತವು 1831ರಲ್ಲಿ ಬ್ರಿಟಿಷರ ಕೈಸೇರಿದ ಮೇಲೆ, ವಿಶೇಷವಾಗಿ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರ ಅವಧಿಯಲ್ಲಿ, ರಸ್ತೆಗಳ ನಿರ್ಮಾಣವು ಭರದಿಂದ ನಡೆಯಿತು. ಮೂಡಿಗೆರೆ ಸೀಮೆಯ ಕಾಫಿಗೆ ಮಂಗಳೂರು ಬಂದರೇ ಹೆಬ್ಬಾಗಿಲು. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ಘಟ್ಟದ ಮಹತ್ತ್ವ ಇದರಿಂದ ವಿದಿತವಾಗುತ್ತದೆ. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದುದು 2013ರಲ್ಲಿ. ಮೂಡಿಗೆರೆ, ಕಳಸಗಳಿಗೆ ಇನ್ನೂ ಬಂದಿಲ್ಲ. ಇಲ್ಲಿ ಸಂಚಾರವೆಂದರೆ ರಸ್ತೆಯೇ.

ಘಟ್ಟದ ಮುಖ್ಯ ಅಪಾಯವು ವೇಗವಲ್ಲ, ಮರೆ. ತಿರುವಿನಾಚೆ ಏನಿದೆಯೆಂಬುದು ಚಾಲಕನಿಗೆ ಕಾಣದು. ಆದುದರಿಂದಲೇ ಹಾರನ್ನು ಇಲ್ಲಿ ಸಂಭಾಷಣೆಯ ಸಾಧನವಾಯಿತು. ಇಕ್ಕಟ್ಟಿನಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕೆಂಬ ನಿಯಮವೂ ಶಾಸನಸಿದ್ಧವಾಗಿದೆ. ಸ್ವಯಂಚಾಲಿತ ವಾಹನದ ಕ್ಯಾಮೆರಾ, ಲೈಡಾರ್‌ಗಳು ಸಹ ಬೆಟ್ಟದ ಮೈಯನ್ನು ಭೇದಿಸಿ ನೋಡಲಾರವು. ಮಂಜು ಮಳೆಗಳಲ್ಲಿ ಅವುಗಳ ದೃಷ್ಟಿಯೂ ಕುಂದುತ್ತದೆ. ಪರಸ್ಪರ ಸಂಪರ್ಕವುಳ್ಳ ವಾಹನಗಳಾದರೋ ತಮ್ಮ ಸ್ಥಾನ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಸುಮಾರು 10 ಬಾರಿ ಸಾರುತ್ತಿರುತ್ತವೆ. ಘಟ್ಟಕ್ಕೆ ಹೆಚ್ಚು ಉಪಯುಕ್ತವಾಗುವುದು ಸ್ವಯಂಚಾಲನೆಗಿಂತ ಈ ಸಂಪರ್ಕವೇ ಎಂದು ನಮ್ಮ ಅಭಿಪ್ರಾಯ. ಆದರೆ ರಸ್ತೆಗೆ ಬಂದ ದನಕ್ಕೂ ಆನೆಗೂ ತೋಟದ ಕೆಲಸ ಮುಗಿಸಿ ನಡೆದುಹೋಗುವ ಹೆಣ್ಣುಮಗಳಿಗೂ ರೇಡಿಯೋ ಇಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತು. ಕುಸಿಯುವ ಗುಡ್ಡವು ಯಾವ ವಾಹನಕ್ಕೂ ಸಂಕೇತ ಕಳುಹಿಸದು.

2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಬಸ್ಸು, ಟ್ಯಾಕ್ಸಿ ಮೊದಲಾದ ಸಾರ್ವಜನಿಕ ವಾಹನಗಳಿಗೆ ಸ್ಥಾನಸೂಚಕ ಯಂತ್ರವನ್ನೂ ಆಪತ್ತಿನ ಗುಂಡಿಯನ್ನೂ ಕೇಂದ್ರ ಸರ್ಕಾರವು ವಿಧಿಸಿತು. ಮೊಬೈಲ್ ಸಂಕೇತ ದೊರೆಯದ ಕಡೆ ಈ ಯಂತ್ರವು ವಿವರಗಳನ್ನು ಕೂಡಿಟ್ಟುಕೊಂಡು ಅನಂತರ ಕಳುಹಿಸುತ್ತದೆ. ಅಂದರೆ ಕಾಡಿನ ತಿರುವಿನಲ್ಲಿ ಅದು ಎಚ್ಚರಿಕೆಯಲ್ಲ, ದಾಖಲೆ ಮಾತ್ರ.

ಇನ್ನು ಸಂಚಾರಸೌಲಭ್ಯದ ಮಾತು. ಚಾಲಕನಿಲ್ಲದ ವಾಹನವು ವೃದ್ಧರಿಗೂ ಅಶಕ್ತರಿಗೂ ಒದಗುವುದೆಂದು ಅದರ ಪ್ರತಿಪಾದಕರು ಹೇಳುತ್ತಾರೆ. ಬೆಂಗಳೂರಿನ ಮೈನಸ್ ಜೀರೋ ಸಂಸ್ಥೆಯು 2023ರಲ್ಲಿ ಅಂತಹದೊಂದು ಮಾದರಿಯನ್ನು ಪ್ರದರ್ಶಿಸಿತು. ಮಲೆನಾಡಿನ ಅನುಭವ ಬೇರೆ. ಕೊಪ್ಪದಲ್ಲಿ 1991ರಲ್ಲಿ ಸಾರಿಗೆ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯು ಮೂರು ದಶಕಗಳ ಸಮೀಪ ಹಳ್ಳಿಹಳ್ಳಿಗೆ ಬಸ್ಸು ನಡೆಸಿ 2020ರಲ್ಲಿ ನಿಂತುಹೋಯಿತು. ಆ ಬಸ್ಸುಗಳಿಗೆ ಚಾಲಕರ ಕೊರತೆಯಿರಲಿಲ್ಲ. ನಿಂತದ್ದು ಆದಾಯವು ವೆಚ್ಚಕ್ಕೆ ಸಾಲದೆ.