ಪರರ ನೋವನ್ನು ಅರಿತ ಸಂತ ತೆರೇಸಾ ಬೆನೆಡಿಕ್ಟಾ



ಆಗಸ್ಟ್ 9ರಂದು ನಾವು ಸ್ಮರಿಸುವ ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ ಹುಟ್ಟಿನಿಂದ ಯೆಹೂದ್ಯರು. ಹೆಸರು ಎಡಿತ್ ಸ್ಟೈನ್. 1891ರಲ್ಲಿ, ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್‌ನಲ್ಲಿ ಜನಿಸಿದ ಅವರು 1913ರಲ್ಲಿ ಎಡ್ಮಂಡ್ ಹುಸರ್ಲ್ ಎಂಬ ತತ್ತ್ವಜ್ಞಾನಿಯ ಶಿಷ್ಯರಾದರು. ಸಿದ್ಧಾಂತಗಳನ್ನು ಬದಿಗಿಟ್ಟು, ಅನುಭವಕ್ಕೆ ಬಂದದ್ದನ್ನು ಬಂದ ಹಾಗೆಯೇ ನೋಡಿ ವಿವರಿಸಬೇಕು ಎನ್ನುವುದು ಹುಸರ್ಲರ ಫಿನಾಮಿನಾಲಜಿ. ಗುರುಮಠದಲ್ಲಿ ನಾವಿದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದುಂಟು!

ಎಡಿತ್ ಆರಿಸಿಕೊಂಡ ಪ್ರಶ್ನೆ, ಇನ್ನೊಬ್ಬರ ನೋವು ನಮಗೆ ತಿಳಿಯುವುದು ಹೇಗೆ ಎಂಬುದು. ಗೆಳೆಯನೊಬ್ಬ ಬಂದು ತನ್ನ ತಮ್ಮ ತೀರಿಕೊಂಡನೆಂದು ಹೇಳುತ್ತಾನೆ. ಆ ನೋವು ನಮ್ಮದಲ್ಲ, ನಮ್ಮದಾಗುವುದೂ ಇಲ್ಲ. ಆದರೂ ಅದು ಬರೀ ಊಹೆಯಲ್ಲ; ಅವನ ನೋವಾಗಿಯೇ ನಮ್ಮ ಮುಂದಿರುತ್ತದೆ. ಇದೇ ಪರಾನುಭೂತಿ.

ಪ್ರಬಂಧ ಮುಗಿಯುವ ಮೊದಲೇ ಮಹಾಯುದ್ಧ ಬಂತು. 1915ರಲ್ಲಿ ತಾಯಿ ಒಪ್ಪದಿದ್ದರೂ ಎಡಿತ್ ರೆಡ್ ಕ್ರಾಸ್ ದಾದಿಯಾಗಿ ಮೊರಾವಿಯಾದ ಸೈನಿಕ ಆಸ್ಪತ್ರೆಗೆ ಹೊರಟರು. ಅಲ್ಲಿದ್ದವರು ಟೈಫಾಯಿಡ್, ಕಾಲರಾ ರೋಗಿಗಳು. ಒಬ್ಬೊಬ್ಬರದು ಒಂದೊಂದು ಭಾಷೆ. ಮಾತು ತಿಳಿಯದವನ ಸಂಕಟ ತಿಳಿಯಬೇಕಿತ್ತು. 1916ರಲ್ಲಿ ಡಾಕ್ಟರೇಟ್ ದೊರೆಯಿತು. ಪುಸ್ತಕಕ್ಕೂ ಆ ವಾರ್ಡಿಗೂ ಎಷ್ಟು ನಂಟೆಂದು ಅಳೆದು ಹೇಳಲಾರೆವು. ನಂಟೇ ಇಲ್ಲವೆಂದರೆ ನಾವು ನಂಬುವುದಿಲ್ಲ.

1917ರಲ್ಲಿ ಅವರ ಗುರುಮಿತ್ರ ಅಡಾಲ್ಫ್ ರೈನಾಕ್ ರಣರಂಗದಲ್ಲಿ ಮಡಿದರು. ವಿಧವೆ ಅನ್ನಾರನ್ನು ಸಂತೈಸಲು ಹೋದ ಎಡಿತ್, ಶಿಲುಬೆಯ ಮೇಲಿನ ವಿಶ್ವಾಸದಿಂದ ಆಕೆಗೆ ದೊರೆತಿದ್ದ ಶಾಂತಿಯನ್ನು ಕಂಡು ಬೆರಗಾದರು. ದೇವರನ್ನು ನಂಬದಿದ್ದ ಪಂಡಿತೆಗೆ ಇದು ದೊಡ್ಡ ಪೆಟ್ಟು. 1921ರಲ್ಲಿ ಅವಿಲಾದ ಸಂತ ತೆರೇಸಾರ ಆತ್ಮಕಥೆ ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು.

1933ರ ಏಪ್ರಿಲ್‌ನಲ್ಲಿ ಜಗದ್ಗುರು ಹನ್ನೊಂದನೇ ಪಯಸ್ ಅವರಿಗೆ ಪತ್ರ ಬರೆದು, ಯೆಹೂದ್ಯರ ಹಿಂಸೆಯ ಕುರಿತು ಧರ್ಮಸಭೆ ಮೌನವಾಗಿರಬಾರದೆಂದು ಬೇಡಿಕೊಂಡರು. ಪತ್ರ ಬಹಿರಂಗವಾದದ್ದು 2003ರಲ್ಲಿ. 1933ರ ಅಕ್ಟೋಬರ್‌ನಲ್ಲಿ ಕಲೋನ್‌ನ ಕಾರ್ಮೆಲ್ ಮಠ ಸೇರಿದರು. 1938ರ ಕೊನೆಗೆ ಹಾಲೆಂಡಿಗೆ ಹೋದರು.

1942ರ ಜುಲೈ 26ರಂದು ಹಾಲೆಂಡಿನ ಧರ್ಮಾಧ್ಯಕ್ಷರು ಮೌನ ಮುರಿದರು. ಯೆಹೂದ್ಯರ ಗಡೀಪಾರನ್ನು ಖಂಡಿಸುವ ಅವರ ಪತ್ರವನ್ನು ದೇವಾಲಯಗಳಲ್ಲಿ ಓದಲಾಯಿತು. ಸೇಡು ತೀರಿಸಿಕೊಳ್ಳಲು ನಾಜಿಗಳು ಯೆಹೂದ್ಯ ಮೂಲದ ಕಥೋಲಿಕರನ್ನೇ ಹಿಡಿದರು. ಎಡಿತ್ ಬೇಡಿದ ಮಾತು ಆಡಿದ್ದಕ್ಕೆ ಬೆಲೆ ತೆತ್ತವರಲ್ಲಿ ಅವರೂ ಒಬ್ಬರು. ಆಗಸ್ಟ್ 2ರಂದು ಅಕ್ಕ ರೋಸಾರೊಡನೆ ಬಂಧಿತರಾದರು.

ವೆಸ್ಟರ್‌ಬೋರ್ಕ್ ಶಿಬಿರದಲ್ಲಿ ತಾಯಂದಿರು ದಿಕ್ಕೆಟ್ಟು ಕುಳಿತಿದ್ದರು, ಮಕ್ಕಳನ್ನು ನೋಡುವವರಿಲ್ಲ. ಎಡಿತ್ ಆ ಮಕ್ಕಳ ಮೈ ತೊಳೆದರು, ತಲೆ ಬಾಚಿದರು, ಉಣಿಸಿದರು ಎಂದು ಬದುಕುಳಿದವರು ಹೇಳಿದ್ದಾರೆ. 7ರಂದು ರೈಲು ಆಶ್ವಿಟ್ಜ್‌ಗೆ ಹೊರಟಿತು.