ಬಳ್ಳಾರಿ ಪರಿಸರದ ಗ್ರಾಮದೇಗುಲಗಳು ಮತ್ತು ಸ್ಥಾನಾಚಾರ್ಯರು

ದೇವಾಲಯಗಳ ಚರಿತ್ರೆಯನ್ನು ಬರೆಯುವಾಗ ಕಟ್ಟಿಸಿದ ಅರಸ, ದತ್ತಿ ಬಿಟ್ಟ ಮಾಂಡಲಿಕ, ಕಂಡರಿಸಿದ ಶಿಲ್ಪಿ ಇವರಿಗೆ ಸಲ್ಲುವ ಗಮನ ಆ ದೇವಾಲಯವನ್ನು ದಿನನಿತ್ಯ ನೋಡಿಕೊಂಡವನಿಗೆ ಸಲ್ಲುವುದಿಲ್ಲ. ಶಾಸನಗಳ ರಚನೆಯೇ ಇದಕ್ಕೆ ಒಂದು ಕಾರಣ. ದಾನದ ಕ್ಷಣ ಶಿಲೆಯಲ್ಲಿ ನಿಲ್ಲುತ್ತದೆ. ದಾನವನ್ನು ತಲೆಮಾರುಗಳ ಕಾಲ ಸಾರ್ಥಕಗೊಳಿಸಿದ ದುಡಿಮೆ ಶಿಲೆಗೆ ಏರುವುದು ವಿರಳ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಕೆಲವು ಆಧಾರಗಳು ಮಾತ್ರ ಈ ಮಾತಿಗೆ ಅಪವಾದವಾಗಿವೆ. ಅವುಗಳ ನೆರವಿನಿಂದ ದೇವಾಲಯಪಾಲಕನ ಪಾತ್ರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಶಾಸನಗಳಲ್ಲಿ ದೇವಾಲಯದ ಹೊಣೆ ಹೊತ್ತವರನ್ನು ಸ್ಥಾನಪತಿ, ಸ್ಥಾನಾಚಾರ್ಯ, ಸ್ಥಾನಿಕ, ತಪೋಧನ ಮೊದಲಾದ ಹೆಸರುಗಳಿಂದ ಕರೆಯಲಾಗಿದೆ. ಇವರನ್ನು ಕೇವಲ ಅರ್ಚಕರೆಂದು ಭಾವಿಸುವಂತಿಲ್ಲ. ದಾನಿಯು ಆಚಾರ್ಯನ ಕಾಲನ್ನು ತೊಳೆದು, ಧಾರಾಪೂರ್ವಕವಾಗಿ ಭೂಮಿಯನ್ನು ಅವನ ಕೈಗೆ ಒಪ್ಪಿಸುತ್ತಿದ್ದನು. ಆ ಭೂಮಿಯ ಆದಾಯದಿಂದ ದೇವರ ಅಂಗಭೋಗ, ರಂಗಭೋಗಗಳು ನಡೆಯಬೇಕಿತ್ತು. ತಪೋಧನರ ಆಹಾರದಾನ, ಛಾತ್ರರ ವಿದ್ಯಾದಾನಗಳು ಸಾಗಬೇಕಿತ್ತು. ಕಟ್ಟಡ ಬಿರುಕುಬಿಟ್ಟಾಗ ಖಂಡಸ್ಫುಟಿತ ಜೀರ್ಣೋದ್ಧಾರವಾಗಬೇಕಿತ್ತು. ಹೀಗಾಗಿ ಆಚಾರ್ಯನು ಏಕಕಾಲಕ್ಕೆ ಪೂಜೆಯ ಹೊಣೆಗಾರ, ಭೂಮಿಯ ಮೇಲ್ವಿಚಾರಕ ಮತ್ತು ಶಿಕ್ಷಣದ ಪೋಷಕನಾಗಿದ್ದನು. ಅವನು ಶೀಲವಂತನಾಗಿರಬೇಕೆಂಬ ನಿಬಂಧನೆಯನ್ನು, ಅನೇಕ ಕಡೆ ನೈಷ್ಠಿಕ ಬ್ರಹ್ಮಚಾರಿಯಾಗಿರಬೇಕೆಂಬ ನಿಬಂಧನೆಯನ್ನು, ದಾನಿಗಳು ವಿಧಿಸುತ್ತಿದ್ದುದಕ್ಕೆ ಈ ಹೊಣೆಯ ವ್ಯಾಪ್ತಿಯೇ ಕಾರಣವೆನ್ನಬಹುದು. ಸಂಸಾರವಿಲ್ಲದವನ ಕೈಯಲ್ಲಿ ದೇವರ ಭೂಮಿ ಕುಟುಂಬದ ಆಸ್ತಿಯಾಗದೆಂಬ ನಂಬಿಕೆ ಇದರ ಹಿಂದೆ ಇದ್ದಿರಬೇಕು.

ಈ ದೃಷ್ಟಿಯಿಂದ ಬಳ್ಳಾರಿಗೆ ಸಮೀಪದ ಕೊಳಗಲ್ಲು ಗ್ರಾಮದ ಶಾಸನ ವಿಶೇಷ ಮಹತ್ತ್ವದ್ದು. ಕ್ರಿ.ಶ. 967ಕ್ಕೆ ಸೇರಿದ ಇದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನು ಪಟ್ಟಕ್ಕೆ ಬಂದುದನ್ನೂ ತಿಳಿಸುವುದರಿಂದ ರಾಜಕೀಯ ಇತಿಹಾಸಕಾರರಿಗೆ ಸುಪರಿಚಿತ. ಆದರೆ ಶಾಸನದ ನಿಜವಾದ ನಾಯಕ ಅರಸನಲ್ಲ, ಗದಾಧರನೆಂಬ ಮುನಿ. ಈತನು ಗೌಡದೇಶದ ವರೇಂದ್ರಿಯವನು, ಅಂದರೆ ಉತ್ತರ ಬಂಗಾಳದಿಂದ ಬಂದವನು. ಹುಟ್ಟೂರು ತಡಾ ಎಂಬ ಗ್ರಾಮ. ಇಷ್ಟು ದೂರದಿಂದ ಬಂದ ತಪಸ್ವಿಯೊಬ್ಬನು ಬಳ್ಳಾರಿ ಸೀಮೆಯ ಒಂದು ಹಳ್ಳಿಯಲ್ಲಿ ನೆಲೆನಿಂತು, ಅಲ್ಲಿ ಕಾರ್ತಿಕೇಯ ಮೊದಲಾದ ದೇವತೆಗಳನ್ನು ಪ್ರತಿಷ್ಠಾಪಿಸಿದನು.

ಗದಾಧರನ ಕಾರ್ಯಕ್ಕೆ ಹಿನ್ನೆಲೆಯೂ ಇತ್ತು. ಸೊಂಡೂರಿನ ಬೆಟ್ಟದ ಕುಮಾರಸ್ವಾಮಿ ಕ್ಷೇತ್ರ ಹಾಗೂ ಬಳ್ಳಾರಿ–ಹೊಸಪೇಟೆ ಹಾದಿಯ ಕುಡತಿನಿ ಇವುಗಳಿಂದಾಗಿ ಈ ಪ್ರದೇಶವು ಕಾರ್ತಿಕೇಯನ ಆರಾಧನೆಯ ಕೇಂದ್ರವಾಗಿತ್ತು. ಕೊಳಗಲ್ಲು ಆ ಜಾಲದೊಳಕ್ಕೆ ಸೇರಿಕೊಂಡಿತು. ಹಳ್ಳಿಯೊಂದರ ದೇಗುಲವು ಪ್ರಾಂತದ ಧಾರ್ಮಿಕ ಭೂಪಟದಲ್ಲಿ ಸ್ಥಾನ ಪಡೆಯಲು ಅರಸನ ದತ್ತಿಯೊಂದೇ ಸಾಲದು, ಅಲ್ಲಿಯೇ ನಿಂತು ದುಡಿಯುವ ವ್ಯಕ್ತಿಯೂ ಬೇಕು ಎಂಬುದಕ್ಕೆ ಇದು ನಿದರ್ಶನ. ಪರಸ್ಥಳದವನಾದ ಗದಾಧರನು ಸ್ಥಳೀಯ ಜನರ ಗೌರವಕ್ಕೆ ಪಾತ್ರನಾದುದು ವಂಶದ ಬಲದಿಂದಲ್ಲ, ಸೇವೆಯ ಬಲದಿಂದ ಎಂಬುದೂ ಗಮನಾರ್ಹ.

ಎರಡನೆಯ ನಿದರ್ಶನ ಕುರುಗೋಡಿನದು. ಕಲ್ಯಾಣ ಚಾಳುಕ್ಯರ ಕಾಲದಲ್ಲಿ ಬಲ್ಲಕುಂದೆ ಮುನ್ನೂರನ್ನು ಆಳುತ್ತಿದ್ದ ಸಿಂದರಿಗೆ ಇದು ರಾಜಧಾನಿ. ಹಳೆಯ ಕುರುಗೋಡಿನಲ್ಲಿ ಇಂದಿಗೂ ಉಳಿದಿರುವ ದೇಗುಲಗಳ ಸಮೂಹ ಆ ಕಾಲದ ವೈಭವವನ್ನು ಸೂಚಿಸುತ್ತದೆ. 12ನೆಯ ಶತಮಾನದ ಉತ್ತರಾರ್ಧದ ಶಾಸನಗಳು ಇಲ್ಲಿನ ಸ್ವಯಂಭೂ ಶಿವಾಲಯವನ್ನೂ ಅದರ ಆಚಾರ್ಯನಾದ ಬಾಲಶಿವಾಚಾರ್ಯನನ್ನೂ ಪರಿಚಯಿಸುತ್ತವೆ. ಈತನು ಕಾಳಾಮುಖ ಪರಂಪರೆಗೆ ಸೇರಿದವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಕೊಳಗಲ್ಲಿನಲ್ಲಿ ಪಾಲಕನೇ ಸ್ಥಾಪಕನಾಗಿದ್ದರೆ, ಕುರುಗೋಡಿನಲ್ಲಿ ಅವನು ರಾಜಾಶ್ರಯಕ್ಕೂ ಗುರುಪರಂಪರೆಗೂ ನಡುವಿನ ಕೊಂಡಿ. ಮೊದಲನೆಯದು ವ್ಯಕ್ತಿಯ ಶ್ರದ್ಧೆಯನ್ನು ಅವಲಂಬಿಸಿದ ವ್ಯವಸ್ಥೆ. ಎರಡನೆಯದು ಶಿಷ್ಯಪರಂಪರೆಯ ಮೂಲಕ ಶ್ರದ್ಧೆಯನ್ನು ಮುಂದಿನ ತಲೆಮಾರಿಗೆ ದಾಟಿಸುವ ವ್ಯವಸ್ಥೆ.

ಮುಂದಿನ ಶತಮಾನಗಳಲ್ಲಿ ಕಾಳಾಮುಖ ಮಠಗಳು ಮರೆಯಾದವು, ವೀರಶೈವ ಮಠಗಳು ಪ್ರಬಲಗೊಂಡವು. ಕುರುಗೋಡಿನಲ್ಲಿಯೇ ಬೃಹತ್ ಏಕಶಿಲಾ ನಂದಿಯುಳ್ಳ ದೊಡ್ಡಬಸವೇಶ್ವರ ದೇವಾಲಯವು ಜನರ ಭಕ್ತಿಯ ಕೇಂದ್ರವಾಯಿತು. ಜನಶ್ರುತಿಯು ಈ ಬಸವನೊಡನೆ ಜೋಡಿಸಿರುವುದು ಯಾವ ಅರಸನನ್ನೂ ಅಲ್ಲ, ನೀಲಮ್ಮನೆಂಬ ಭಕ್ತೆಯನ್ನು. ಶಾಸನ ಮರೆತ ಸೇವೆಯನ್ನು ಜನರ ನೆನಪು ಉಳಿಸಿಕೊಳ್ಳುವ ಬಗೆಗೆ ಇದೊಂದು ಉದಾಹರಣೆ.

ಆಡಳಿತದ ದೃಷ್ಟಿಯಿಂದ ನಿರ್ಣಾಯಕ ಬದಲಾವಣೆಗಳಾದುದು 1800ರ ನಂತರ. ಆ ವರ್ಷ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಕಾಲದಲ್ಲಿ ಭೂಮಿಗಳ ಅಳತೆ, ಇನಾಮುಗಳ ವಿಚಾರಣೆ ನಡೆದವು. ಮದ್ರಾಸಿನ 1817ರ ನಿಬಂಧನೆಯು ಧಾರ್ಮಿಕ ದತ್ತಿಗಳ ಮೇಲ್ವಿಚಾರಣೆಯನ್ನು ಸರ್ಕಾರಕ್ಕೆ ವಹಿಸಿದರೆ, 1863ರ ಕಾಯಿದೆಯು ಅದನ್ನು ಸ್ಥಳೀಯ ಧರ್ಮದರ್ಶಿಗಳಿಗೆ, ಸಮಿತಿಗಳಿಗೆ ಮರಳಿಸಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ 1951ರ ಮದ್ರಾಸು ಕಾಯಿದೆಯೇ ಇಲ್ಲಿ ಮುಂದುವರಿಯಿತು. ಇಡೀ ರಾಜ್ಯಕ್ಕೆ ಅನ್ವಯಿಸುವ 1997ರ ಧಾರ್ಮಿಕ ದತ್ತಿ ಕಾಯಿದೆ ಜಾರಿಗೆ ಬಂದುದು 2003ರಲ್ಲಿ. ಒಂದೇ ದೇಗುಲದ ಪಾಲಕನು ಎರಡು ಶತಮಾನಗಳಲ್ಲಿ ಇನಾಂದಾರ, ಧರ್ಮದರ್ಶಿ, ನೌಕರ ಎಂಬ ಭಿನ್ನ ಪಾತ್ರಗಳಲ್ಲಿ ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಪ್ರತಿಯೊಂದು ಕಾಯಿದೆಯೂ ಪಾಲಕನನ್ನು ಲೆಕ್ಕಕ್ಕೆ ಒಳಪಡಿಸಿತು. ಇದು ಅಗತ್ಯವೂ ಆಗಿತ್ತು. ದೇವರ ಭೂಮಿ ಪಾಲಕನ ಮನೆಯ ಭೂಮಿಯಾದ ಪ್ರಸಂಗಗಳನ್ನು ಅಲ್ಲಗಳೆಯುವಂತಿಲ್ಲ. ದಾನವನ್ನು ಕೆಡಿಸುವವರನ್ನು ಶಪಿಸುವ ಶಾಪಾಶಯಗಳು ಶಾಸನಗಳ ಕೊನೆಯಲ್ಲಿ ಬರುವುದೂ ಅದೇ ಆತಂಕದಿಂದ. ಆದರೆ ಲೆಕ್ಕಪತ್ರವು ದುರುಪಯೋಗವನ್ನು ತಡೆಯಬಲ್ಲುದೇ ಹೊರತು ಶ್ರದ್ಧೆಯನ್ನು ಹುಟ್ಟಿಸಲಾರದು. ಆದಾಯವಿಲ್ಲದ ಗ್ರಾಮದೇಗುಲಗಳಲ್ಲಿ ಗೋಡೆಯ ಮೇಲೆ ಬೆಳೆದ ಆಲದ ಸಸಿಯನ್ನು ಕಿತ್ತು, ಗರ್ಭಗುಡಿಯ ದೀಪ ಆರದಂತೆ ನೋಡಿಕೊಳ್ಳುವ ಕೆಲಸ ಇಂದಿಗೂ ಯಾರೋ ಒಬ್ಬರ ಮನಸ್ಸನ್ನೇ ನಂಬಿದೆ.

ಶಾಸನೋಕ್ತ ಸ್ಥಾನಾಚಾರ್ಯರ ಅಧ್ಯಯನದ ಜೊತೆಗೆ ಇತ್ತೀಚಿನ ಪಾಲಕರ ದಾಖಲೆಗಳನ್ನೂ ಸಂಗ್ರಹಿಸಬೇಕಾಗಿದೆ. ಪೂಜಾರಿ ಮನೆತನಗಳಲ್ಲಿರುವ ಸನದು, ಕಡತ, ಜಾತ್ರೆಯ ಲೆಕ್ಕದ ಪುಸ್ತಕಗಳು ಮಣ್ಣುಪಾಲಾಗುವ ಮುನ್ನ ಪ್ರತಿಯಾಗಬೇಕು. ಹಿರಿಯರ ಹೇಳಿಕೆಗಳು ದಾಖಲಾಗಬೇಕು. ಗದಾಧರನ ಹೆಸರು ಉಳಿದುದು ಯಾರೋ ಅದನ್ನು ಕಲ್ಲಿನಲ್ಲಿ ಬರೆಸಿದ್ದರಿಂದ. ಬರೆಸಿಕೊಳ್ಳದೆ ದುಡಿದವರ ಚರಿತ್ರೆಯನ್ನು ಬರೆಯುವ ಹೊಣೆ ಸಂಶೋಧಕರ ಮೇಲಿದೆ.